ಮಗ್ಗುಲಿಂದ ಬಂದ ಬೆಳಕು

ಹೋದ ವಾರ ನಮ್ಮ ಮನೆಯ ಚಾವಡಿಗೆ ಟೈಲ್ಸ್ ಹಾಕುವ ಕೆಲಸ ನಡೆಯಿತು. ಪೆರ್ಲದಿಂದ ಇಬ್ಬರು ಹುಡುಗರು ಬಂದಿದ್ದರು. ಅವರ ಹತ್ತಿರ ಮುಷ್ಟಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಇತ್ತು. ಮಟ್ಟ ನೋಡುವ ಲೇಸರ್. ಗುಂಡಿ ಒತ್ತಿದರೆ ಗೋಡೆಯ ಮೇಲೆ ಉದ್ದಕ್ಕೆ ಒಂದು ಹಸಿರು ಗೆರೆ ಬೀಳುತ್ತದೆ. ಹಿಂದೆ ಸಪೂರ ಪೈಪಿಗೆ ನೀರು ತುಂಬಿಸಿ ಮಟ್ಟ ನೋಡುತ್ತಿದ್ದರು, ಈಗ ಇದು.

ಆಟಿ ತಿಂಗಳು. ಮಳೆ ಬಿಟ್ಟಿರಲಿಲ್ಲ. ಹಗಲಲ್ಲೇ ಕತ್ತಲೆ, ಕರೆಂಟೂ ಇಲ್ಲ. ಸೊಳ್ಳೆ ಜಾಸ್ತಿ ಆಯಿತೆಂದು ಅತ್ತೆ ಕೆಂಡದ ಮೇಲೆ ತೆಂಗಿನ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿದರು. ಆ ಹೊಗೆ ನಿಧಾನಕ್ಕೆ ಚಾವಡಿಗೆ ಬಂತು. ಅಲ್ಲಿಯವರೆಗೆ ಗೋಡೆಯ ಮೇಲಿನ ಬರೀ ಗೆರೆ ಆಗಿದ್ದದ್ದು ಒಮ್ಮೆಗೇ ಗಾಳಿಯಲ್ಲಿ ಹಾಸಿದ ಹಸಿರು ಹಾಳೆ ಆಯಿತು. ನೀರುದೋಸೆಯಷ್ಟು ತೆಳು. ಅದರೊಳಗೆ ಹೊಗೆಯ ಸುರುಳಿಗಳು ಒಂದೊಂದಾಗಿ ಸುತ್ತುವುದು ಕಾಣುತ್ತಿತ್ತು. ಹಾಳೆಯ ಮೇಲಿದ್ದ ಹೊಗೆ ಕಾಣುವುದಿಲ್ಲ, ಕೆಳಗಿದ್ದದ್ದೂ ಕಾಣುವುದಿಲ್ಲ. ಬಾಳೆದಿಂಡನ್ನು ಅಡ್ಡ ಕೊಯ್ದರೆ ಕಾಣುತ್ತದಲ್ಲ, ಹಾಗೆ ಒಂದೇ ಒಂದು ಬಿಲ್ಲೆ.

ನಾನು ಒಲೆಯ ಮೇಲಿನ ಸಾರು ಬಿಟ್ಟು ಓಡಿ ಬಂದೆ. ಮಗಳನ್ನು ಕೂಗಿದೆ. ಟೈಲ್ಸಿನ ಹುಡುಗರಿಗೆ "ಐದು ನಿಮಿಷ ಹಾಗೇ ಇರಲಿ" ಎಂದೆ. ಬೆಳಕು ಬರುವುದು ಮಗ್ಗುಲಿಂದ, ನಾವು ನೋಡುವುದು ಮೇಲಿಂದ. ಲೈಟ್‌ಶೀಟ್ ಮೈಕ್ರೋಸ್ಕೋಪ್ ಅಂದರೆ ಮೂಲದಲ್ಲಿ ಇಷ್ಟೇ. ಎಷ್ಟೋ ವರ್ಷದಿಂದ ಮಕ್ಕಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತಿದ್ದೆ. ಅದು ನಮ್ಮ ಚಾವಡಿಯಲ್ಲೇ ತೇಲುತ್ತಿತ್ತು.

ಇದರ ಬಗ್ಗೆ ನನಗೆ ಯಾಕೆ ಇಷ್ಟು ಆಸೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಈಗ ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪ್ಲಸ್ ಟು ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು, 2006ರಿಂದ ಎರಡು ವರ್ಷ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಅಲ್ಲಿ ಜೀಬ್ರಾ ಮೀನು ಸಾಕುತ್ತಿದ್ದೆವು. ಮೈಮೇಲೆ ನೀಲಿ ಪಟ್ಟೆ ಇರುವ, ಕಿರುಬೆರಳಿಗಿಂತಲೂ ಸಣ್ಣ ಮೀನು. ಅದರ ಮೊಟ್ಟೆ ಸುಮಾರು ಒಂದು ಮಿಲಿಮೀಟರ್, ಒಳಗಿನ ಭ್ರೂಣ ಗಾಜಿನ ಹಾಗೆ ಪಾರದರ್ಶಕ. ಮೊಟ್ಟೆ ಫಲಿಸಿ ಸುಮಾರು 24 ಗಂಟೆಗೆ ಹೃದಯ ಬಡಿಯಲು ಶುರು. ಎರಡು ಮೂರು ದಿನದಲ್ಲಿ ಮರಿ ಹೊರಗೆ. ಇದಕ್ಕೆ 1822ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಅದೇ ಬುಕಾನನ್ 1801ರಲ್ಲಿ ಮಲಬಾರಿನ ಕಡೆಯಿಂದ ಬೇಕಲ, ಕುಂಬಳೆ ದಾಟಿಕೊಂಡು ಮಂಗಳೂರಿಗೆ ಹೋದವರು. ನಮ್ಮೂರಿನ ದಾರಿ ತುಳಿದ ಮನುಷ್ಯ ಹೆಸರಿಟ್ಟ ಮೀನು ಎಂದು ನನಗೆ ಅದರ ಮೇಲೆ ಒಂದು ಮಮತೆ.

ಆ ಮೀನುಗಳಲ್ಲಿ ಕೆಲವಕ್ಕೆ ಹೃದಯದ ಜೀವಕೋಶ ಮಾತ್ರ ಹಸಿರಾಗಿ ಹೊಳೆಯುವಂತೆ ಮಾಡಿದ್ದರು. ಹಾಗೆ ಹೊಳೆಯುವ ಪ್ರೋಟೀನನ್ನು ಒಸಾಮು ಶಿಮೊಮುರಾ 1962ರಲ್ಲಿ ಒಂದು ಜೆಲ್ಲಿ ಮೀನಿನಿಂದ ಬೇರ್ಪಡಿಸಿದ್ದರು. ಜಿಎಫ್‌ಪಿ ಎನ್ನುತ್ತಾರೆ. 2008ರ ರಸಾಯನಶಾಸ್ತ್ರ ನೊಬೆಲ್ ಆ ಕೆಲಸಕ್ಕೇ ಬಂತು. ನೀಲಿ ಬೆಳಕು ಬಿಟ್ಟರೆ ಅದು ಹಸಿರು ಬೆಳಕು ವಾಪಸ್ ಕೊಡುತ್ತದೆ.

ಒಂದು ಸಂಜೆ ನಾನೊಬ್ಬಳೇ ಇದ್ದೆ. ಎರಡು ದಿನದ ಒಂದು ಭ್ರೂಣವನ್ನು ಮೈಕ್ರೋಸ್ಕೋಪಿನ ಅಡಿಯಲ್ಲಿಟ್ಟು ಪಾದರಸದ ದೀಪ ಹಚ್ಚಿದೆ. ಹಸಿರು ಹೃದಯ ಸೆಕೆಂಡಿಗೆ ಎರಡು ಮೂರು ಸಲ ಬಡಿಯುತ್ತಿತ್ತು. ಅಷ್ಟು ಚೆಂದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಒಳ್ಳೆಯ ವಿಡಿಯೋ ಬೇಕೆಂದು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಹಸಿರು ಮಂಕಾಯಿತು. ದೀಪ ಜೋರು ಮಾಡಿದೆ. ಮತ್ತೆ ಮಂಕಾಯಿತು. ಮತ್ತೂ ಜೋರು ಮಾಡಿದೆ. ಆಮೇಲೆ ಬಡಿತ ನಿಧಾನ ಆಯಿತು. ಒಂದು ಬಡಿತ, ಒಂದು ನಿಲುಗಡೆ. ಆಮೇಲೆ ನಿಂತೇ ಹೋಯಿತು.

ಹಾಗೆ ಆಗುವುದು ಯಾಕೆಂದು ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಹೊಳೆಯುವ ಅಣು ಒಂದಷ್ಟು ಸಲ ಬೆಳಕು ಹೀರಿ ಬಿಟ್ಟ ಮೇಲೆ ಸುಟ್ಟುಹೋಗುತ್ತದೆ. ಸುಡುವಾಗ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ ಸುತ್ತಲಿನ ಜೀವಕೋಶವನ್ನು ಹಾಳು ಮಾಡುತ್ತವೆ. ಆದರೆ ಓದಿದ್ದೇ ಬೇರೆ, ಕಣ್ಣೆದುರು ಆದದ್ದೇ ಬೇರೆ. ನಾನು ನೋಡಿದ್ದರಿಂದಲೇ ಅದು ಸತ್ತಿತು. ಆ ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರಲಿಲ್ಲ.

ಆಗ ಎಲ್ಲರೂ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಮಾತಾಡುತ್ತಿದ್ದರು. ಅದು ದೊಡ್ಡ ಉಪಕಾರಿಯೇ, ಇಲ್ಲ ಅನ್ನುವುದಿಲ್ಲ. ಲೇಸರನ್ನು ಒಂದು ಬಿಂದುವಿಗೆ ಹಿಡಿದು, ಆ ಬಿಂದುವಿನಿಂದ ಬಂದ ಬೆಳಕನ್ನು ಮಾತ್ರ ಸಣ್ಣ ತೂತಿನಿಂದ ಒಳಗೆ ಬಿಟ್ಟುಕೊಂಡು, ಬಿಂದು ಬಿಂದುವಾಗಿ ಚಿತ್ರ ಕಟ್ಟುತ್ತದೆ. ಚಿತ್ರ ಸ್ಪಷ್ಟ. ಆದರೆ ಒಂದು ಲೆಕ್ಕ ಹಾಕಿ. ಬೆಳಕು ಮೇಲಿಂದ ಬೀಳುತ್ತದೆ, ಭ್ರೂಣದ ಪೂರ್ತಿ ದಪ್ಪವನ್ನು ಹಾದು ಹೋಗುತ್ತದೆ. ನೀವು ನೂರು ಪದರದ ಚಿತ್ರ ತೆಗೆದರೆ ಒಂದೊಂದು ಜೀವಕೋಶವೂ ನೂರು ಸಲ ಪೆಟ್ಟು ತಿನ್ನುತ್ತದೆ. ಚಿತ್ರಕ್ಕೆ ಬೇಕಾದದ್ದು ಒಂದು ಸಲದ್ದು. ಉಳಿದ 99 ಸಲದ ಬೆಳಕು ಕೋಶವನ್ನು ಸುಮ್ನೆ ಸುಟ್ಟದ್ದು.

ಬೆಳಕನ್ನು ಮಗ್ಗುಲಿಂದ, ತೆಳುವಾಗಿ ಬಿಟ್ಟರೆ? ಆಗ ನೋಡುತ್ತಿರುವ ಪದರಕ್ಕೆ ಮಾತ್ರ ಬೆಳಕು. ಅದರ ಮೇಲಿನದ್ದೂ ಕೆಳಗಿನದ್ದೂ ಕತ್ತಲೆಯಲ್ಲಿ ನೆಮ್ಮದಿಯಾಗಿ ಇರುತ್ತವೆ. ನೂರು ಪದರ ತೆಗೆದರೂ ಒಂದೊಂದು ಕೋಶಕ್ಕೆ ಹೆಚ್ಚುಕಡಿಮೆ ಒಂದೇ ಸಲ ಬೆಳಕು. ಅದಲ್ಲದೆ ಪೂರ್ತಿ ಪದರ ಒಂದೇ ಕ್ಲಿಕ್‌ಗೆ ಕ್ಯಾಮೆರಾಕ್ಕೆ ಸಿಗುತ್ತದೆ, ಬಿಂದು ಬಿಂದು ಹುಡುಕಬೇಕಿಲ್ಲ. ಹಾಗಾಗಿ ವೇಗವೂ ಬಂತು.

ಈ ಉಪಾಯ ಹೊಸತೇನೂ ಅಲ್ಲ. 1903ರಲ್ಲಿ ಜರ್ಮನಿಯ ಯೇನಾದಲ್ಲಿ ಸೀಡೆನ್‌ಟಾಪ್ಫ್ ಮತ್ತು ಜಿಗ್ಮೊಂಡಿ ಬಿಸಿಲನ್ನು ಒಂದು ಸೀಳಿನಿಂದ ಹಾಯಿಸಿ, ಕೆಂಪು ಗಾಜಿಗೆ ಮಗ್ಗುಲಿಂದ ಬಿಟ್ಟು, ಅದರೊಳಗಿನ ಚಿನ್ನದ ಕಣಗಳನ್ನು ನೋಡಿದ್ದರು. ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣಲೇ ಆಗದಷ್ಟು ಸಣ್ಣ ಕಣಗಳು. ಜಿಗ್ಮೊಂಡಿಗೆ 1925ರ ನೊಬೆಲ್ ಬಂತು. ನಮ್ಮ ಹಂಚಿನ ಮನೆಗಳಲ್ಲಿ ಗಾಜಿನ ಹಂಚಿನಿಂದ ಇಳಿಯುವ ಬಿಸಿಲಲ್ಲಿ ದೂಳು ಕುಣಿಯುವುದು ಕಾಣುತ್ತದಲ್ಲ, ಅದೇ ಸಂಗತಿ. ಆಮೇಲೆ ತೊಂಬತ್ತು ವರ್ಷ ಜೀವಶಾಸ್ತ್ರದವರು ಅದನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ. 1993ರಲ್ಲಿ ವಾಯ್ ಎಂಬವರು ಮತ್ತು ಅವರ ಜೊತೆಗಾರರು ಗಿನಿಯಿಲಿಯ ಒಳಕಿವಿಯನ್ನು ಹೀಗೆ ನೋಡಿದರು. ಅದು ಜೀವವಿಲ್ಲದ ಮಾದರಿ.

ಜೀವ ಇರುವುದಕ್ಕೆ ಬಂದದ್ದು 2004ರಲ್ಲಿ. ಹೈಡಲ್‌ಬರ್ಗಿನ ಯುರೋಪಿಯನ್ ಅಣುಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಯಾನ್ ಹುಯಿಸ್ಕೆನ್, ಅರ್ನ್ಸ್ಟ್ ಸ್ಟೆಲ್ಜರ್ ಮತ್ತು ಗೆಳೆಯರು ಮೆಡಾಕಾ ಎಂಬ ಮೀನಿನ ಭ್ರೂಣದ ಹೃದಯವನ್ನು, ಹಣ್ಣಿನ ನೊಣದ ಭ್ರೂಣವನ್ನು, ಬೆಳಕಿನ ಹಾಳೆಯಿಂದ ನೋಡಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಮೆಡಾಕಾ ಜಪಾನಿನ ಗದ್ದೆಗಳಲ್ಲಿ ಸಿಗುವ ಸಣ್ಣ ಮೀನು. ಆ ಲೇಖನ ನಾನು ನೋಡಿದ್ದು ಊರಿಗೆ ವಾಪಸ್ ಬಂದ ಮೇಲೆ, ಶಾಲೆಯ ಕಂಪ್ಯೂಟರಿನಲ್ಲಿ. ನನ್ನ ಕೈಯಲ್ಲಿ ಆ ಹೃದಯ ನಿಂತದ್ದಕ್ಕಿಂತ ಎರಡು ವರ್ಷ ಮೊದಲೇ ಬಂದಿತ್ತು ಎಂದು ಆಗ ಗೊತ್ತಾಯಿತು. ತುಂಬ ಹೊತ್ತು ಸ್ಕ್ರೀನ್ ನೋಡುತ್ತಾ ಕೂತಿದ್ದೆ.

ಇದನ್ನು ಕನ್ನಡದಲ್ಲಿ ಕಲಿಸುವುದರ ಒಂದು ಸುಖ ಹೇಳಬೇಕು. ಲೈಟ್‌ಶೀಟ್‌ಗೆ ನಾನು 'ಬೆಳಕಿನ ಹಾಳೆ' ಎಂದೆ. ಒಬ್ಬ ಹುಡುಗ ಎದ್ದು, "ಯಾವ ಹಾಳೆ ಟೀಚರೇ, ಅಡಿಕೆ ಹಾಳೆಯಾ?" ಎಂದ. ಇಡೀ ಕ್ಲಾಸು ನಕ್ಕಿತು. ನನಗೆ ಮಾತ್ರ ಅದು ಬಹಳ ಒಳ್ಳೆಯ ಪ್ರಶ್ನೆ ಅನ್ನಿಸಿತು. ಮರುದಿನ ತೋಟದಿಂದ ಒಂದು ಹಾಳೆ ತೆಗೆದುಕೊಂಡು ಹೋದೆ. ನೋಡಿ, ಅಡಿಕೆ ಹಾಳೆ ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ಬೆಳಕಿನ ಹಾಳೆ ಇದರ ಉಲ್ಟಾ. ನಡುವೆ ತೆಳು, ಎರಡೂ ಕಡೆಗೆ ಹೋದಂತೆ ದಪ್ಪ. ಲೆನ್ಸ್ ಬೆಳಕನ್ನು ಕೂಡಿಸುವ ಜಾಗದಲ್ಲಿ ಅದು ಕೆಲವು ಮೈಕ್ರೋಮೀಟರ್ ಅಷ್ಟೇ. ನಮ್ಮ ಕೂದಲು 50ರಿಂದ 100 ಮೈಕ್ರೋಮೀಟರ್ ಇರುತ್ತದೆ. ಆದರೆ ಆ ತೆಳು ಜಾಗ ಗಿಡ್ಡ. ಇನ್ನೂ ತೆಳು ಮಾಡಹೊರಟರೆ ಇನ್ನೂ ಗಿಡ್ಡ ಆಗುತ್ತದೆ. ತೆಳುವೂ ಇರಬೇಕು, ಅಗಲವೂ ಇರಬೇಕು ಎಂದರೆ ಬೆಳಕು ಒಪ್ಪುವುದಿಲ್ಲ. ಇಪ್ಪತ್ತು ವರ್ಷದ ಪ್ರಗತಿಯಲ್ಲಿ ಒಂದು ದೊಡ್ಡ ಪಾಲು ಈ ಒಂದು ಜಗಳಕ್ಕೆ ಪರಿಹಾರ ಹುಡುಕಿದ್ದು.

2008ರಲ್ಲಿ ಫಿಲಿಪ್ ಕೆಲ್ಲರ್ ಮತ್ತು ಸ್ಟೆಲ್ಜರ್ ನೇರವಾಗಿ ಹಾಳೆ ಮಾಡುವುದನ್ನೇ ಕೈಬಿಟ್ಟರು. ಸಪೂರ ಲೇಸರ್ ಕಿರಣವನ್ನು ಮೇಲೆ ಕೆಳಗೆ ವೇಗವಾಗಿ ಓಡಿಸಿ, ಆ ಓಟದಿಂದ ಹಾಳೆ ಮಾಡಿದರು. ರಾತ್ರಿ ಸೂಟೆ ಬೀಸಿದರೆ ಬೆಂಕಿಯ ಚಕ್ರ ಕಾಣುವ ಹಾಗೆ. ಅದರಿಂದ ಜೀಬ್ರಾ ಮೀನಿನ ಭ್ರೂಣದ ಮೊದಲ ದಿನದಲ್ಲಿ ಸಾವಿರಾರು ಜೀವಕೋಶ ಎಲ್ಲಿ ಹುಟ್ಟಿ ಎಲ್ಲಿಗೆ ಹೋಯಿತು ಎಂದು ಜಾಡು ಹಿಡಿದರು. 2011ರಲ್ಲಿ ಎರಿಕ್ ಬೆಟ್ಜಿಗ್ ಅವರ ತಂಡ ಬೆಸೆಲ್ ಕಿರಣ ಎಂಬುದನ್ನು ಬಳಸಿತು. ಅದು ದೂರದವರೆಗೂ ಸಪೂರವಾಗಿಯೇ ಹೋಗುತ್ತದೆ. ಆದರೆ ಸುತ್ತ ಬಳೆಗಳ ಹಾಗೆ ಬೆಳಕು ಚೆಲ್ಲುತ್ತದೆ. ಚೆಲ್ಲಿದ ಬೆಳಕು ಬೇಡದ ಪದರವನ್ನು ಸುಡುತ್ತದೆ, ಅಂದರೆ ಹಳೆಯ ಕಷ್ಟವೇ.

2014ರಲ್ಲಿ ಅದೇ ತಂಡದಿಂದ ಲ್ಯಾಟಿಸ್ ಲೈಟ್‌ಶೀಟ್ ಬಂತು. ಮದಕದ ನೀರಿಗೆ ಒಂದೇ ಸಲ ನಾಲ್ಕೈದು ಕಲ್ಲು ಹಾಕಿ ನೋಡಿ. ಅಲೆ ಅಲೆ ಸೇರಿ ಕೆಲವು ಕಡೆ ನೀರು ಏಳುತ್ತದೆ, ಕೆಲವು ಕಡೆ ಒಂದು ಇನ್ನೊಂದನ್ನು ಅಳಿಸಿ ನೀರು ಸುಮ್ಮನಿರುತ್ತದೆ. ಬೆಳಕೂ ಅಲೆಯೇ ಅಲ್ವಾ? ಹಲವು ಕಿರಣಗಳನ್ನು ಲೆಕ್ಕ ಹಾಕಿ ಜೋಡಿಸಿದರೆ ಬೇಡದ ಕಡೆ ಚೆಲ್ಲುವ ಬೆಳಕು ತಾನೇ ಅಳಿಸಿಹೋಗುತ್ತದೆ. ಉಳಿಯುವುದು ಒಂದು ಮೈಕ್ರೋಮೀಟರಿನ ಆಸುಪಾಸು ತೆಳುವಾದ ಹಾಳೆ. ಒಂದೇ ಜೀವಕೋಶದ ಒಳಗೆ ಆಗುವುದನ್ನು ಅದು ಎಷ್ಟೋ ಹೊತ್ತು ತೋರಿಸುತ್ತದೆ, ಕೋಶಕ್ಕೆ ಪೆಟ್ಟಾಗುವುದು ಬಹಳ ಕಡಿಮೆ. ಬೆಟ್ಜಿಗ್ ಅವರಿಗೆ ಅದೇ ವರ್ಷ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ. ಆ ವರ್ಷ ನೇಚರ್ ಮೆಥಡ್ಸ್ ಪತ್ರಿಕೆ ಲೈಟ್‌ಶೀಟನ್ನು ವರ್ಷದ ವಿಧಾನ ಎಂದು ಆರಿಸಿತು.

ನೆರಳಿನದ್ದೂ ಒಂದು ತೊಂದರೆ ಇತ್ತು. ಸಂಜೆ ಐದು ಗಂಟೆಗೆ ಅಡಿಕೆ ತೋಟದಲ್ಲಿ ನಿಂತರೆ ನೆಲದ ಮೇಲೆ ಉದ್ದುದ್ದ ಪಟ್ಟೆ. ಬಿಸಿಲು ಅಡ್ಡ ಬಂದದ್ದರಿಂದ ಒಂದೊಂದು ಮರವೂ ತನ್ನ ಹಿಂದಿನದಕ್ಕೆ ನೆರಳು ಹಾಕುತ್ತದೆ. ಭ್ರೂಣದಲ್ಲೂ ಹಾಗೇ. ಕಣ್ಣಿನ ಕಪ್ಪು, ಚರ್ಮದ ಚುಕ್ಕೆ, ಇವುಗಳ ಹಿಂದೆ ಕಪ್ಪು ಗೆರೆ ಬೀಳುತ್ತದೆ. 2007ರಲ್ಲಿ ಹುಯಿಸ್ಕೆನ್ ಮತ್ತು ಸ್ಟೈನಿಯರ್ ಎರಡೂ ಮಗ್ಗುಲಿಂದ ಬೆಳಕು ಬಿಟ್ಟು, ಹಾಳೆಯನ್ನು ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ತೂಗಿ, ಆ ಪಟ್ಟೆಗಳನ್ನು ಅಳಿಸಿದರು. 2012ರ ಹೊತ್ತಿಗೆ ಎರಡು ಕಡೆಯಿಂದ ಬೆಳಕು, ಎರಡು ಕಡೆಯಿಂದ ಕ್ಯಾಮೆರಾ ಇಟ್ಟ ಯಂತ್ರಗಳೂ ಬಂದವು.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ತಂದದ್ದು ಎರಡು. ಒಂದು, 2013ರಲ್ಲಿ ಮಿಶಾ ಆರೆನ್ಸ್ ಮತ್ತು ಕೆಲ್ಲರ್ ಮಾಡಿದ್ದು. ಜೀಬ್ರಾ ಮೀನಿನ ಮರಿಯ ಮೆದುಳಿನಲ್ಲಿ ಸುಮಾರು ಒಂದು ಲಕ್ಷ ನರಕೋಶ ಇವೆ. ನರಕೋಶ ಕೆಲಸ ಮಾಡಿದಾಗ ಮಿನುಗುವಂತೆ ಮಾಡಿ, ಅವುಗಳಲ್ಲಿ 80 ಶೇಕಡಕ್ಕೂ ಹೆಚ್ಚು ಕೋಶಗಳ ಮಿನುಗನ್ನು, ಇಡೀ ಮೆದುಳನ್ನು 1.3 ಸೆಕೆಂಡಿಗೊಮ್ಮೆ ಪದರ ಪದರವಾಗಿ ನೋಡುತ್ತಾ ಹಿಡಿದರು. ಮೀನು ಜೀವಂತ. ಅದರ ಮೆದುಳಿನಲ್ಲಿ ಮಳೆಗಾಲದ ಮಿಂಚುಹುಳುಗಳ ಮರದ ಹಾಗೆ ಬೆಳಕು ಹತ್ತಿ ಆರುತ್ತದೆ.

ಇನ್ನೊಂದು 2018ರದ್ದು. ಕೇಟಿ ಮೆಕ್‌ಡೋಲ್, ಕೆಲ್ಲರ್ ಮತ್ತಿತರರು ಇಲಿಯ ಭ್ರೂಣವನ್ನು ಸುಮಾರು 48 ಗಂಟೆ ನೋಡಿದರು. ಮೀನಿನ ಮೊಟ್ಟೆ ನೀರಲ್ಲಿರುತ್ತದೆ, ಸುಲಭ. ಇಲಿಯದ್ದು ತಾಯಿಯ ಹೊಟ್ಟೆಯೊಳಗೆ ಇರಬೇಕಾದದ್ದು. ಬೆಳಕಿನ ವಿಷಯದಲ್ಲಿ ಬಲು ನಾಜೂಕು. ಬೆಳೆಯುತ್ತಾ ಆಕಾರ ಬದಲಿಸುತ್ತದೆ, ಜಾಗ ಬಿಟ್ಟು ಸರಿಯುತ್ತದೆ. ಹಾಗಾಗಿ ಆ ಮೈಕ್ರೋಸ್ಕೋಪ್ ತಾನೇ ಭ್ರೂಣದ ಹಿಂದೆ ಹೋಗುತ್ತದೆ. ಎಲ್ಲಿದೆ, ಎಷ್ಟು ದೊಡ್ಡದಾಗಿದೆ ಎಂದು ನೋಡಿ ಹಾಳೆಯನ್ನು ಹೊಂದಿಸಿಕೊಳ್ಳುತ್ತದೆ. ಹೃದಯ ಕಟ್ಟಿಕೊಳ್ಳುವುದು, ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು, ಎಲ್ಲ ಕಾಣುತ್ತದೆ. ಮಗುವಿಗೆ ಹೊದಿಕೆ ಸರಿ ಮಾಡುತ್ತಾ ರಾತ್ರಿಯೆಲ್ಲ ಎಚ್ಚರ ಇರುವ ತಾಯಿಯ ಹಾಗೆ ಆ ಯಂತ್ರ ಎಂದು ಮಕ್ಕಳಿಗೆ ಹೇಳಿದೆ. ಅತಿ ಅನ್ನಿಸಬಹುದು. ನನಗೆ ಹಾಗೇ ಅನ್ನಿಸಿದ್ದು.

ಭ್ರೂಣದ ವಿಷಯ ಬಂದರೆ ನಾನು ದೂರ ನಿಂತು ಮಾತಾಡಲಾರೆ. ನಮ್ಮ ಊರು ಎಣ್ಮಕಜೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ನಾನು ಬೆಳೆದೆ. ಸಿಂಪಡಣೆ ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಇಲ್ಲಿ ಊನ ಇರುವ ಮಕ್ಕಳನ್ನು ಹೆತ್ತ ಎಷ್ಟೋ ತಾಯಂದಿರು, "ಹೊಟ್ಟೆಯೊಳಗೆ ಏನಾಯಿತು?" ಎಂದು ವರ್ಷಗಟ್ಟಲೆ ಕೇಳಿದ್ದನ್ನು ನಾನು ಕೇಳಿದ್ದೇನೆ. ರಾಸಾಯನಿಕಗಳ ವಿಷ ಅಳೆಯಲು ಈಗ ಜೀಬ್ರಾ ಮೀನಿನ ಮೊಟ್ಟೆಯನ್ನು ಬಳಸುವ ಅಂತಾರಾಷ್ಟ್ರೀಯ ಕ್ರಮ ಇದೆ, 2013ರಲ್ಲಿ ಒಇಸಿಡಿ ಎಂಬ ದೇಶಗಳ ಒಕ್ಕೂಟ ಒಪ್ಪಿದ್ದು. 96 ಗಂಟೆ ಇಟ್ಟು ದಿನಕ್ಕೊಮ್ಮೆ ನಾಲ್ಕು ಸಂಗತಿ ನೋಡುತ್ತಾರೆ. ಮೊಟ್ಟೆ ಹೆಪ್ಪುಗಟ್ಟಿತೇ, ಬೆನ್ನಿನ ಗಂಟುಗಳು ಮೂಡಿದವೇ, ಬಾಲ ಬಿಡಿಸಿಕೊಂಡಿತೇ, ಹೃದಯ ಬಡಿಯುತ್ತಿದೆಯೇ. ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಬೆಳಕಿನ ಹಾಳೆಯಿಂದಾದರೆ ತಪ್ಪಿದ್ದು ಎಷ್ಟನೇ ಗಂಟೆಗೆ, ಯಾವ ಕೋಶಗಳ ಗುಂಪಿನಲ್ಲಿ ಎಂದೂ ನೋಡಬಹುದು. ಆ ತಾಯಂದಿರ ಪ್ರಶ್ನೆಗೆ ಅಷ್ಟು ವಿವರದ ಉತ್ತರ ಸಿಗಬೇಕು ಎಂದು ನನ್ನ ಆಸೆ.

ದುಡ್ಡಿನ ಮಾತು. ಈ ಯಂತ್ರಗಳು ದುಬಾರಿ. ಒಂದು ಪ್ರಯೋಗದ ಚಿತ್ರಗಳೇ ಟೆರಾಬೈಟ್ ಗಟ್ಟಲೆ ಆಗುತ್ತವೆ. ಆದರೆ 2013ರಲ್ಲಿ ಡ್ರೆಸ್ಡೆನ್‌ನ ಕೆಲವರು ಓಪನ್‌ಸ್ಪಿಮ್ ಎಂದು ಒಂದು ಸಣ್ಣ ಯಂತ್ರ ಮಾಡಿ, ಅದರ ನಕ್ಷೆ, ಬಿಡಿಭಾಗಗಳ ಪಟ್ಟಿ, ಸಾಫ್ಟ್‌ವೇರ್ ಎಲ್ಲವನ್ನೂ ಬಿಟ್ಟಿಯಾಗಿ ಹಂಚಿದರು. ಇಂಥವರ ಮೇಲೆ ನನಗೆ ತುಂಬ ಗೌರವ.

ಟೈಲ್ಸಿನ ಹುಡುಗರು ಆ ಲೇಸರನ್ನು ನನಗೆ ಒಂದು ದಿನಕ್ಕೆ ಕೊಟ್ಟರು. ಶುಕ್ರವಾರ ಶಾಲೆಗೆ ಒಯ್ದೆ. ಬಸಳೆ ಎಲೆ ಜಜ್ಜಿ ಸ್ಪಿರಿಟಿನಲ್ಲಿ ನೆನೆಸಿ ಸೋಸಿದೆವು. ಆ ಹಸಿರು ರಸಕ್ಕೆ ಇನ್ನಷ್ಟು ಸ್ಪಿರಿಟ್ ಹಾಕಿ ತಿಳಿ ಮಾಡಿ ಚೌಕದ ಗಾಜಿನ ಪಾತ್ರೆಗೆ ಸುರಿದೆವು. ಯಾರೂ ಲೇಸರಿನ ಕಡೆ ಮುಖ ಮಾಡದ ಹಾಗೆ ಎಲ್ಲರನ್ನೂ ಒಂದೇ ಬದಿಗೆ ನಿಲ್ಲಿಸಿದೆ. ಕಿಟಕಿ ಮುಚ್ಚಿ ಗುಂಡಿ ಒತ್ತಿದೆ.

ಹಸಿರು ಗೆರೆ ಗಾಜಿನವರೆಗೆ ಹಸಿರು. ರಸದೊಳಗೆ ಹೋದದ್ದೇ ಕೆಂಪು! ಎಲೆಯ ಹಸಿರು ಅಂದರೆ ಕ್ಲೋರೋಫಿಲ್, ಹಸಿರು ಬೆಳಕು ಹೀರಿ ಕೆಂಪು ಬೆಳಕು ಬಿಡುತ್ತದೆ. ಪಠ್ಯಪುಸ್ತಕದಲ್ಲಿ 'ಪ್ರತಿದೀಪ್ತಿ' ಎಂದು ಇದೆ. ಮಕ್ಕಳು ಆ ಪದವನ್ನು ಮೂರು ವರ್ಷದಿಂದ ಬಾಯಿಪಾಠ ಹೇಳುತ್ತಿದ್ದರು. ಈಗ ಅದನ್ನು ಕಣ್ಣಿಂದ ನೋಡಿದರು. ಒಬ್ಬಳು ಸ್ವೀಟ್ ಬಾಕ್ಸಿನ ಕೆಂಪು ಜಿಲೇಟಿನ್ ಕಾಗದವನ್ನು ಮೊಬೈಲ್ ಕ್ಯಾಮೆರಾಕ್ಕೆ ಅಡ್ಡ ಹಿಡಿದಳು. ಹೊರಗಿನ ಹಸಿರು ಮಾಯ. ಕೆಂಪು ಹಾಳೆ ಮಾತ್ರ ಕತ್ತಲೆಯಲ್ಲಿ ನಿಂತಿತು. ದೊಡ್ಡ ಮೈಕ್ರೋಸ್ಕೋಪುಗಳಲ್ಲಿ ಕ್ಯಾಮೆರಾದ ಮುಂದೆ ಇರುವ ಫಿಲ್ಟರ್ ಮಾಡುವುದೂ ಅದನ್ನೇ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಮೀನಿನ ಹೃದಯದ ವಿಡಿಯೋ ತೋರಿಸಿದೆ. ನನ್ನ ಕೈಯಲ್ಲಿ ನಿಂತ ಹೃದಯದ ಕತೆಯನ್ನೂ ಹೇಳಿದೆ. ಇಷ್ಟು ವರ್ಷ ಯಾವ ಕ್ಲಾಸಿನಲ್ಲೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಿಂದ ಅಡಿಕೆ ಹಾಳೆಯ ಹುಡುಗ ಕೇಳಿದ, "ಈ ವಿಡಿಯೋದ ಮೀನು ಆಮೇಲೆ ಬದುಕಿತಾ ಟೀಚರೇ?"

ನೋಡಿದ ಭ್ರೂಣಗಳನ್ನು ನೋಡದೆ ಬಿಟ್ಟ ಭ್ರೂಣಗಳ ಜೊತೆ ಹೋಲಿಸಿ, ಎರಡೂ ಒಂದೇ ಹಾಗೆ ಬೆಳೆಯುತ್ತವೆಯೇ ಎಂದು ಈ ಕೆಲಸದವರು ಪರೀಕ್ಷೆ ಮಾಡುತ್ತಾರೆ ಎಂದು ಹೇಳಿದೆ. ಹಾಗೆ ಬೆಳೆದರೆ ಮಾತ್ರ ಆ ಚಿತ್ರಕ್ಕೆ ಬೆಲೆ.

"ಹಾಗಾದರೆ ಇನ್ನೊಮ್ಮೆ ಹಾಕಿ" ಎಂದ. ವಿಡಿಯೋ ಇನ್ನೊಮ್ಮೆ ಹಾಕಿದೆ. ಈ ಸಲ ಎಲ್ಲರೂ ಬಡಿತ ಎಣಿಸಿದರು.